ಶಾಲೆಗೆ ಬೀಗ ಹಾಕಿಸಿದ ಮಾಸ್ತರರು

ನಮ್ಮ ರಾಜ್ಯಪಾಲರನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ. ಅಮೇರಿಕೆಯ ಗವರ್ನರರನ್ನು ಜನರೇ ಚುನಾಯಿಸುತ್ತಾರೆ. ಸಂಸ್ಥಾನದ ಆಡಳಿತವೂ, ಸಂಕಟಕಾಲದಲ್ಲಿ ಅಲ್ಲಿಯ ರಕ್ಷಕ ದಳವೂ ಅವರ ಕೈಯಲ್ಲಿರುತ್ತವೆ. ಆ ಅಧಿಕಾರದ ದುರುಪಯೋಗಕ್ಕೆ ಓರ್ವಲ್ ಫಾಬಸರ ಜೀವನವು ನಿದರ್ಶನವಾಗಿದೆ.

1910ರಲ್ಲಿ ಅರ್ಕಾನ್ಸಾ ಸಂಸ್ಥಾನದ ಗುಡ್ಡಗಾಡಿನ ಬಡ ಕುಟುಂಬದಲ್ಲಿ ಜನಿಸಿದ ಫಾಬಸರು 18ನೆಯ ವಯಸ್ಸಿನಲ್ಲಿ ಹಳ್ಳಿಯ ಶಾಲಾ ಮಾಸ್ತರರಾದರು, 1955ರಲ್ಲಿ ಗವರ್ನರರಾದರು. ವರ್ಣಭೇದದಿಂದ ಮಕ್ಕಳನ್ನು ಬೇರೆ ಬೇರೆ ಶಾಲೆಗಳಲ್ಲಿರಿಸಕೂಡದೆಂದು ಸುಪ್ರೀಂ ಕೋರ್ಟು 1954ರಲ್ಲಿಯೇ ತೀರ್ಪಿತ್ತಿತ್ತು. ಆದರೂ 1957ರ ಸಪ್ಟಂಬರದಲ್ಲಿ ಲಿಟ್ಲ್ ರಾಕ್ ನಗರದ ಸೆಂಟ್ರಲ್ ಹೈಸ್ಕೂಲಿಗೆ ಬಂದ 9 ಮಂದಿ ಕಪ್ಪು ವರ್ಣದ ವಿದ್ಯಾರ್ಥಿಗಳನ್ನು, ಶಾಂತಿಭಂಗದ ನೆಪವೊಡ್ಡಿ, ರಕ್ಷಕ ದಳದಿಂದ ತಡೆಯಿಸಿದರು. ಅಧ್ಯಕ್ಷ ಐಸೆನ್‌ಹೋವರರು ಸೈನ್ಯವನ್ನು ಕಳುಹಿಸಿ ಆ ಮಕ್ಕಳನ್ನು ಒಳಗೆ ಸೇರಿಸಬೇಕಾಯಿತು.

ಮರುವರ್ಷ ಫಾಬಸರು ಶಾಲೆಗಳನ್ನು ಮುಚ್ಚುವ ಅಧಿಕಾರವನ್ನೇ ಶಾಸನಸಭೆಯಿಂದ ಪಡೆದು, ನಗರದ 4 ಸರಕಾರಿ ಹೈಸ್ಕೂಲುಗಳಿಗೆ ಬೀಗ ಹಾಕಿಸಿದರು. ನಗರದ ಮತದಾರರೂ ಬಹುಮತದಿಂದ ಅವರ ಪಕ್ಷ ವಹಿಸಿದರು. ಬರಿದಾದ ತರಗತಿಗಳಲ್ಲಿ ಶಿಕ್ಷಕರು ಕುಳಿತಿದ್ದರು. ಫುಟ್‌ಬಾಲ್ ಪಂದ್ಯಗಳು ಮಾತ್ರ ನಿಲ್ಲಲಿಲ್ಲ! ಶಾಲೆ ಕಳೆದುಕೊಂಡ ಸುಮಾರು 3,600 ವಿದ್ಯಾರ್ಥಿಗಳಲ್ಲಿ ಅನುಕೂಲವುಳ್ಳವರು ಖಾಸಗಿ ಶಾಲೆಗಳನ್ನೂ ಪರವೂರುಗಳನ್ನೂ ಸೇರಿದರು. ಉಳಿದವರಿಗೆ, ವಿಶೇಷವಾಗಿ ಕಪ್ಪು ಮಕ್ಕಳಲ್ಲಿ ಅನೇಕರಿಗೆ, ಆ ವರ್ಷ ಪಾಠವೇ ಇಲ್ಲವಾಯಿತು. 1959ರಲ್ಲಿ ನ್ಯಾಯಾಲಯವು ಆ ಕಾನೂನನ್ನು ರದ್ದುಗೊಳಿಸಿದ ಮೇಲೆ ಶಾಲೆಗಳು ತೆರೆದವು.

ಆರು ಬಾರಿ ಚುನಾವಣೆ ಗೆದ್ದ ಫಾಬಸರು 1967ರಲ್ಲಿ ಅಧಿಕಾರವನ್ನು ಬಿಟ್ಟರು. ಅನಂತರ ಮೂರು ಬಾರಿ ಸ್ಪರ್ಧಿಸಿ ಸೋತರು. ಕೆಲಕಾಲ ಸಣ್ಣ ಊರೊಂದರ ಬ್ಯಾಂಕಿನಲ್ಲಿ ಗುಮಾಸ್ತರಾಗಿ ದುಡಿದರು. 1994ರಲ್ಲಿ ನಿಧನ ಹೊಂದಿದರು. ವಿದ್ಯೆಯ ಬಲದಿಂದಲೇ ಬಡತನವನ್ನು ದಾಟಿಬಂದವರು, ಬಡಮಕ್ಕಳ ವಿದ್ಯೆಗೆ ಅಡ್ಡ ನಿಂತುದೇ ಅವರ ಹೆಸರಿಗಂಟಿದ ಕಳಂಕವಾಗಿ ಉಳಿಯಿತು.