ಕಿವಿಯಿಂದ ಮಲಯಾಳ ಕಲಿತ ಗುಂಡರ್ಟರು

ನಮ್ಮ ಕಡೆಯ ಕನ್ನಡ ಮನೆಗಳಲ್ಲಿ ಮಲಯಾಳವನ್ನು ಚಾಪೆ ಹಾಸಿ ಕುಳಿತು ಕಲಿತವರು ಕಡಿಮೆ. ಬಸ್ಸಿನ ಕಂಡಕ್ಟರನ ಕೂಗಿನಿಂದ, ಮೀನು ಮಾರ್ಕೆಟಿನ ಚೌಕಾಶಿಯಿಂದ, ನೆರೆಮನೆಯ ಮದುವೆಯಿಂದ, ಎಲ್ಲಕ್ಕೂ ಮಿಗಿಲಾಗಿ ಸಿನೆಮಾ ಹಾಡಿನಿಂದ ಅದು ತಾನಾಗಿ ಬಂದು ನಾಲಿಗೆಗೆ ಸೇರುತ್ತದೆ. ಅರ್ಥ ಗೊತ್ತಿಲ್ಲದಿದ್ದರೂ ಯೇಸುದಾಸರ ಹಾಡನ್ನು ಪೂರ್ತಿ ಹಾಡಬಲ್ಲ ಮಕ್ಕಳು ನಮ್ಮಲ್ಲಿ ಎಷ್ಟೋ ಮಂದಿ. ಅರ್ಥವು ಮೆಲ್ಲನೆ ಹಿಂದಿನಿಂದ ಬರುತ್ತದೆ. ಶಾಲೆಯ ಮಲಯಾಳದ ಪ್ರಶ್ನೆ ಬೇರೆಯೇ ಉಂಟು; ಅದನ್ನು ಇಂದು ಎತ್ತುವುದಿಲ್ಲ. ಹೀಗೆ ಕೇಳಿ ಕಲಿತ ಭಾಷೆಗೆ ಬೆಲೆ ಎಷ್ಟು ಎಂದು ಯೋಚಿಸುವಾಗಲೆಲ್ಲ ನಮಗೆ ನೆನಪಾಗುವವರು ತಲಶ್ಶೇರಿಯಲ್ಲಿದ್ದ ಜರ್ಮನ್ ಪಾದ್ರಿ ಹೆರ್ಮನ್ ಗುಂಡರ್ಟರು. ಮಲಯಾಳಿಗಳು ಇಂದಿಗೂ ಕೈಬಿಡದ ಒಂದು ಮಹಾ ನಿಘಂಟನ್ನು ಕೊಟ್ಟವರು ಹುಟ್ಟಿನಿಂದ ಮಲಯಾಳಿಯಲ್ಲ, ಕಡಲಾಚೆಯವರು ಎಂಬುದು ಸಣ್ಣ ಮಾತಲ್ಲ.

ಗುಂಡರ್ಟರು ಹುಟ್ಟಿದ್ದು ದಕ್ಷಿಣ ಜರ್ಮನಿಯ ಸ್ಟುಟ್‌ಗಾರ್ಟಿನಲ್ಲಿ, 1814ರ ಫೆಬ್ರವರಿ 4ರಂದು. ಮೌಲ್‌ಬ್ರೊನ್ನಿನ ಮಠಶಾಲೆ, ಆಮೇಲೆ ಟ್ಯೂಬಿಂಗನ್ ವಿಶ್ವವಿದ್ಯಾನಿಲಯ, 1835ರಲ್ಲಿ ಡಾಕ್ಟರೇಟ್. ಗ್ರೀಕ್, ಲ್ಯಾಟಿನ್, ಹೀಬ್ರೂ ಎಲ್ಲವನ್ನೂ ಆ ಕಾಲದ ಪದ್ಧತಿಯಂತೆ ಪುಸ್ತಕದಿಂದ, ವ್ಯಾಕರಣದ ಸೂತ್ರಗಳಿಂದ ಕಲಿತವರು. ಮಂಗಳೂರಿನ ಹೆರ್ಮನ್ ಮೋಗ್ಲಿಂಗರು ಅವರ ಗೆಳೆಯರು. 1843ರಲ್ಲಿ 'ಮಂಗಳೂರ ಸಮಾಚಾರ'ವನ್ನು ಹೊರಡಿಸಿ ಕನ್ನಡ ಪತ್ರಿಕೆಗಳ ವಂಶಕ್ಕೆ ಮೂಲಪುರುಷರಾದ ಆ ಮೋಗ್ಲಿಂಗರ ಜೀವನವನ್ನು ಮುಂದೆ ಜರ್ಮನ್ ಭಾಷೆಯಲ್ಲಿ ಬರೆದವರೂ ಗುಂಡರ್ಟರೇ. ಒಬ್ಬ ಗೆಳೆಯ ಕನ್ನಡಕ್ಕೆ ಸಂದರು, ಮತ್ತೊಬ್ಬರು ಮಲಯಾಳಕ್ಕೆ.

ಭಾರತಕ್ಕೆ ಗುಂಡರ್ಟರು ಬಂದದ್ದು ಪಾದ್ರಿಯಾಗಿ ಅಲ್ಲ, ಮನೆಪಾಠದ ಮೇಷ್ಟರಾಗಿ. ಆಂಥನಿ ನಾರಿಸ್ ಗ್ರೋವ್ಸ್ ಎಂಬ ಇಂಗ್ಲಿಷ್ ಮಿಶನರಿಯ ಮಕ್ಕಳಿಗೆ ಪಾಠ ಹೇಳುವುದಕ್ಕೆಂದು 1836ರಲ್ಲಿ ಹಡಗು ಹತ್ತಿದರು. ಹೋಗಬೇಕಾದ ಊರು ಕಲ್ಕತ್ತೆ ಎಂದಿದ್ದುದರಿಂದ ದಾರಿಯುದ್ದಕ್ಕೂ ಬಂಗಾಳಿ ಓದಿದರು. ಜತೆಗೆ ಹಿಂದುಸ್ತಾನಿ, ತೆಲುಗು. ಇಳಿದದ್ದು ಮಾತ್ರ ಮದರಾಸಿನಲ್ಲಿ! ಶ್ರಮಪಟ್ಟು ಕಲಿತ ಬಂಗಾಳಿ ಪೆಟ್ಟಿಗೆಯಲ್ಲಿ ಉಳಿಯಿತು, ತಮಿಳು ಮೊದಲಿನಿಂದ ಆರಂಭವಾಯಿತು. ಮದರಾಸು, ತಿರುನೆಲ್ವೇಲಿ, ಚಿತ್ತೂರು ಎಂದು ತಿರುಗಾಡಿದ ಆ ಎರಡು ವರ್ಷಗಳಲ್ಲಿ ಅವರು ತಮಿಳನ್ನು ಕೈವಶ ಮಾಡಿಕೊಂಡರು. ಅದೇ ಹಡಗಿನಲ್ಲಿ ಬಂದಿದ್ದ ಜೂಲಿ ಡುಬೋವಾ ಎಂಬವರನ್ನು 1838ರಲ್ಲಿ ಚಿತ್ತೂರಿನಲ್ಲಿ ಮದುವೆಯಾದರು. ಆಕೆ ಸ್ವಿಟ್ಜರ್ಲೆಂಡಿನ ಫ್ರೆಂಚ್ ಮಾತಿನ ಸೀಮೆಯವರು, ಇವರ ಮನೆಮಾತು ಜರ್ಮನ್, ಸುತ್ತಲಿನದು ತಮಿಳು ತೆಲುಗು. ಇಂತಹ ಮನೆಯ ಸೊಗಸೂ ಗೊಂದಲವೂ ನಮ್ಮ ವಾಚಕರಿಗೆ ವಿವರಿಸಿ ತಿಳಿಯಬೇಕಾದದ್ದಲ್ಲ.

ಆ ವರ್ಷವೇ ದಂಪತಿಗಳು ಬಾಸೆಲ್ ಮಿಶನ್ನಿಗೆ ಸೇರಿ ಮಂಗಳೂರಿಗೆ ಬಂದರು. ತಲಶ್ಶೇರಿಯ ಹತ್ತಿರ ನೆಟ್ಟೂರಿನ ಇಲ್ಲಿಕ್ಕುನ್ನಿನಲ್ಲಿದ್ದ ತನ್ನ ಬಂಗಲೆಯನ್ನು ನ್ಯಾಯಾಧೀಶ ಸ್ಟ್ರೇಂಜ್ ಮಿಶನ್ನಿಗೆ ಬಿಟ್ಟುಕೊಟ್ಟಾಗ, 1839ರ ಏಪ್ರಿಲ್‌ನಲ್ಲಿ ಗುಂಡರ್ಟರು ಅಲ್ಲಿ ಬಿಡಾರ ಹೂಡಿದರು. ವಯಸ್ಸು ಇಪ್ಪತ್ತೈದು. ಮಲಯಾಳದೊಡನೆ ಅವರ ಬಾಳಿನ ನಂಟು ಅಲ್ಲಿಂದ ಗಟ್ಟಿಯಾಯಿತು.

ಅವರು ಬಂದದ್ದು ಮತಪ್ರಚಾರಕ್ಕೆ. ಇದನ್ನು ಮುಚ್ಚಿಡಬೇಕಾದ ಅಗತ್ಯವಿಲ್ಲ, ಅವರೂ ಮುಚ್ಚಿಡಲಿಲ್ಲ. ಆದರೆ ಅದೇ ಕೆಲಸಕ್ಕೆ ಬಂದವರೆಲ್ಲ ಹೀಗೆ ಭಾಷೆಗೆ ಬೀಳಲಿಲ್ಲ. ಕಣ್ಣೂರಿನಲ್ಲಿದ್ದ ಸಾಮುವೆಲ್ ಹೆಬಿಕ್ ದೊಡ್ಡ ಹೆಸರಿನ ಪ್ರಚಾರಕ. ಅವರು ಅಲ್ಲಿ ಮಾತಾಡುತ್ತಿದ್ದುದು ದುಭಾಷಿಯ ಮೂಲಕ. ಹಾಗೂ ಕೆಲಸ ನಡೆಯುತ್ತಿತ್ತು. ಗುಂಡರ್ಟರಿಗೆ ಮಾತ್ರ ಅದು ಸಾಲಲಿಲ್ಲ.

ಕಲಿಯುವುದಾದರೂ ಯಾವುದರಿಂದ? ಕೋಟ್ಟಯದ ಬೈಲಿಯವರ ನಿಘಂಟು ಅಚ್ಚಾದದ್ದು 1846ರಲ್ಲಿ. ಚೊಕ್ಲಿಯ ಊರಾಚ್ಚೇರಿ ಗುರುನಾಥರು ಅವರಿಗೆ ಮಲಯಾಳವನ್ನೂ ಸಂಸ್ಕೃತವನ್ನೂ ಹೇಳಿಕೊಟ್ಟರೆಂದು ಆ ಊರಿನವರು ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ. ಗುರುಗಳಿಂದ ಅಕ್ಷರ, ಶಾಸ್ತ್ರ ಬಂದಿರಬಹುದು. ಉಳಿದದ್ದನ್ನು ಕೊಟ್ಟದ್ದು ಊರು. ಅಂಗಡಿಯವನ ಮಾತು, ಮಾಪಿಳ್ಳೆಯರ ಮಾತು, ದಸ್ತಾವೇಜಿನ ಮಾತು, ಬೈಗುಳ, ಒಗಟು, ಗಾದೆ ಯಾವುದನ್ನೂ ಕೀಳೆಂದು ಅವರು ಬಿಡಲಿಲ್ಲ. 1850ರಲ್ಲಿ ಸಾವಿರ ಗಾದೆಗಳ ಪುಸ್ತಕವನ್ನೇ ಹೊರತಂದರು. ಹೊರಗಿನಿಂದ ಬಂದವನು ಗಾದೆಯನ್ನು ಸರಿಯಾದ ಸಂದರ್ಭದಲ್ಲಿ ಬಳಸಿದರೆ ಊರಿನವರು ಒಂದು ಕ್ಷಣ ಸುಮ್ಮನಾಗಿ, ಮತ್ತೆ ನಗುತ್ತಾರೆ. ಆ ನಗೆಯ ಆಚೆಗೆ ಅವನು ಪರಕೀಯನಲ್ಲ. ಕಾಞಂಗಾಡಿನಲ್ಲೋ ತಳಿಪರಂಬದಲ್ಲೋ ಕೆಲಸಕ್ಕಿದ್ದ ನಮ್ಮವರಲ್ಲಿ ಎಷ್ಟೋ ಮಂದಿಗೆ ಇದರ ಅನುಭವ ಉಂಟು.

ಹಾಡಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಬಡಗು ಮಲಬಾರಿನಲ್ಲಿ ತಚ್ಚೋಳಿ ಒದೇನನ ಮೊದಲಾದ ವೀರರ ಕಥೆಗಳನ್ನು ಹೆಂಗಸರು ಗದ್ದೆಯಲ್ಲಿ ನಾಟಿ ಮಾಡುವಾಗ ಹಾಡುತ್ತಿದ್ದರು. ನಮ್ಮ ತುಳು ಗದ್ದೆಗಳಲ್ಲಿ ಪಾಡ್ದನ ಹೇಗೋ, ಅಲ್ಲಿ ಈ ವಡಕ್ಕನ್ ಪಾಟ್ಟುಗಳು ಹಾಗೆ. ಪಂಡಿತರು ಅದನ್ನು ಸಾಹಿತ್ಯವೆಂದು ಎಣಿಸದ ಕಾಲ ಅದು. ಗುಂಡರ್ಟರು ಆ ಹಾಡುಗಳನ್ನು ಸಂಗ್ರಹಿಸಿ, ಒಂದೊಂದು ಶಬ್ದದ ಬಳಕೆಗೆ ಅವನ್ನೇ ಸಾಕ್ಷಿಯಾಗಿ ಹಿಡಿದರು. ಎಳುತ್ತಚ್ಛನ್ ಬರೆದ ಶಬ್ದಕ್ಕೆ ಇದ್ದಷ್ಟೇ ಹಕ್ಕು ಕೆಸರುಗದ್ದೆಯಲ್ಲಿ ನಿಂತು ಹಾಡಿದವಳ ಶಬ್ದಕ್ಕೂ ಅವರ ಪುಸ್ತಕದಲ್ಲಿ ಸಿಕ್ಕಿತು. ಹಾಡಿನಲ್ಲಿ ಶಬ್ದ ಒಂಟಿಯಾಗಿ ಬರುವುದಿಲ್ಲ. ಹಿಂದೆ ಮುಂದೆ ಜತೆ ಕಟ್ಟಿಕೊಂಡು, ತಾಳಕ್ಕೆ ಒಗ್ಗಿಕೊಂಡು ಬರುತ್ತದೆ. ಆದ್ದರಿಂದ ಮರೆಯುವುದಿಲ್ಲ.

ಹೀಗೆಯೇ ಅವರ ಕೈಗೆ ಪಯ್ಯನ್ನೂರ್ ಪಾಟ್ಟಿನ ಓಲೆಗರಿ ಸಿಕ್ಕಿತು. ಪಯ್ಯನ್ನೂರು, ಏಳಿಮಲೆಯ ಸುತ್ತಿನ ವರ್ತಕರ, ಹಡಗುಗಳ, ಕಡಲ ವ್ಯಾಪಾರದ ಕಥೆಯದು. ನೀಲಕೇಶಿ ಎಂಬ ಹೆಣ್ಣಿನ ಅಳಲು ಅದರ ನಡುವೆ ಇದೆ. ನೂರಕ್ಕೆ ಸ್ವಲ್ಪ ಮೀರಿದ ಪದ್ಯಗಳು, ಅವೂ ಅಪೂರ್ಣ. ಮಲಯಾಳದ ಅತಿ ಹಳೆಯ ಕಾವ್ಯ ಇದೇ ಎಂದು ಅವರು ತಿಳಿದರು. ಇಂದು 'ರಾಮಚರಿತ'ವನ್ನು ಅದಕ್ಕಿಂತ ಹಳೆಯದೆಂದು ಎಣಿಸುವವರೇ ಹೆಚ್ಚು. ಅವರ ಲೆಕ್ಕ ತಪ್ಪಿರಬಹುದು. ಆದರೆ ಅವರು ಎತ್ತಿಡದೆ ಹೋಗಿದ್ದರೆ ಲೆಕ್ಕ ಹಾಕಲು ಆ ಹಾಡೇ ಉಳಿಯುತ್ತಿರಲಿಲ್ಲ.

1845ರಲ್ಲಿ ಇಲ್ಲಿಕ್ಕುನ್ನಿಗೆ ಕಲ್ಲಚ್ಚಿನ ಯಂತ್ರ ಬಂತು. 1847ರ ಜೂನ್‌ನಲ್ಲಿ 'ರಾಜ್ಯಸಮಾಚಾರಂ', ಅದೇ ಅಕ್ಟೋಬರದಲ್ಲಿ 'ಪಶ್ಚಿಮೋದಯಂ' ಹೊರಟವು. ಮಲಯಾಳದಲ್ಲಿ ಪತ್ರಿಕೆ ಎಂಬುದು ಆರಂಭವಾದದ್ದು ಹೀಗೆ. ಮೊದಲನೆಯದು ಮತದ ಪತ್ರಿಕೆ; ಎರಡನೆಯದರಲ್ಲಿ ಚರಿತ್ರೆ, ಭೂಗೋಳ, ವಿಜ್ಞಾನವೆಲ್ಲ ಇತ್ತು. 1851ರಲ್ಲಿ ಮಲಯಾಳ ವ್ಯಾಕರಣ ಬಂತು. ಪರದೇಶಿಯೊಬ್ಬ ಪರದೇಶಿಗಳಿಗಾಗಿ ಇಂಗ್ಲಿಷಿನಲ್ಲಿ ಬರೆದ ವ್ಯಾಕರಣವಲ್ಲ, ಮಲಯಾಳಿಗಳಿಗಾಗಿ ಮಲಯಾಳದಲ್ಲಿಯೇ ಬರೆದದ್ದು. ಅದು ಅವರ ಧೈರ್ಯ. ಹದಿನೇಳು ವರ್ಷಗಳ ಬಳಿಕ, 1868ರಲ್ಲಿ, ಅದನ್ನು ಬೆಳೆಸಿ ಮತ್ತೆ ಅಚ್ಚು ಹಾಕಿಸಿದರು.

ಇಷ್ಟೆಲ್ಲ ನಡೆಯುತ್ತಿದ್ದಾಗ ಮನೆಯಲ್ಲಿ ಒಂದು ನೋವು ಇತ್ತು. 1842ರಲ್ಲಿ ತಲಶ್ಶೇರಿಯಲ್ಲಿ ಹುಟ್ಟಿದ ಮಗಳು ಮರೀಯಾಳನ್ನು ಆ ಕಾಲದ ಮಿಶನ್ ಕುಟುಂಬಗಳ ರೂಢಿಯಂತೆ ಎಳವೆಯಲ್ಲಿಯೇ ಯುರೋಪಿನಲ್ಲಿ ಬಿಟ್ಟುಬರಬೇಕಾಯಿತು. ಜೂಲಿ ತಲಶ್ಶೇರಿಯಲ್ಲಿ ಊರಿನ ಹೆಣ್ಣುಮಕ್ಕಳಿಗಾಗಿ ಶಾಲೆ ನಡೆಸುತ್ತಿದ್ದರು. ತನ್ನ ಹೆಣ್ಣುಮಗು ಕಡಲಾಚೆ ಬೇರೆಯವರ ಕೈಯಲ್ಲಿ ಬೆಳೆಯುತ್ತಿತ್ತು. ಮರೀಯಾ ಮರಳಿ ಬಂದದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಅಷ್ಟು ವರ್ಷ ಕೇಳದೆ ಉಳಿದ ಮಾತು ಮಗುವಿನ ಕಿವಿಯಲ್ಲಿ ಎಷ್ಟು ನಿಲ್ಲುತ್ತದೆ? ಮುಂಬಯಿ, ದುಬೈಗಳಿಂದ ರಜೆಗೆ ಬರುವ ಮೊಮ್ಮಕ್ಕಳ ಕನ್ನಡವನ್ನು ಕೇಳುವ ಅಜ್ಜಿಯಂದಿರನ್ನು ಈ ಪ್ರಶ್ನೆ ಕೇಳಬೇಕು. ಊರವರ ಮಾತನ್ನೆಲ್ಲ ಹೆಕ್ಕಿ ಹೆಕ್ಕಿ ಕಾಪಿಟ್ಟ ತಂದೆಗೆ, ತನ್ನ ಮಗಳು ಮೊದಲ ಮಾತುಗಳನ್ನು ಕೇಳಿದ ಊರಿನಲ್ಲಿ ಅವಳನ್ನು ಉಳಿಸಿಕೊಳ್ಳಲಾಗಲಿಲ್ಲ. ನಮಗೆ ಅವರ ಬದುಕಿನಲ್ಲಿ ಎಲ್ಲಕ್ಕಿಂತ ಕಷ್ಟದ ಪುಟ ಇದೆಂದು ತೋರುತ್ತದೆ.

ಅದೇ 1857ರಲ್ಲಿ ಮದರಾಸು ಸರಕಾರ ಗುಂಡರ್ಟರನ್ನು ಮಲಬಾರು ಮತ್ತು ಕೆನರಾ ಜಿಲ್ಲೆಗಳ ಶಾಲಾ ಇನ್‌ಸ್ಪೆಕ್ಟರರನ್ನಾಗಿ ನೇಮಿಸಿತು. ಆ ಹುದ್ದೆಯಲ್ಲಿ ಅವರೇ ಮೊದಲಿಗರು. ನಮ್ಮ ಕಾಸರಗೋಡು ಆಗ ಕೆನರಾದ ಬೇಕಲ ತಾಲೂಕಿಗೆ ಸೇರಿದ್ದುದರಿಂದ ಇಲ್ಲಿಯ ವಿದ್ಯಾಭ್ಯಾಸವೂ ಅವರ ಮೇಲ್ವಿಚಾರಣೆಗೆ ಒಳಪಟ್ಟಿತ್ತು. ಮಲಯಾಳ, ಕನ್ನಡ, ತುಳು ಮೂರನ್ನೂ ಬಲ್ಲ ಅಧಿಕಾರಿ! ಇಂದಿನ ಅಧಿಕಾರಿಗಳ ಬಗ್ಗೆ ನಾವು ಏನೂ ಹೇಳಹೊರಟಿಲ್ಲ. ವಾಚಕರು ತಾವಾಗಿ ನೆನೆದುಕೊಂಡರೆ ಅದು ಅವರಿಗೆ ಸೇರಿದ್ದು. ಆದರೆ ಈ ಕೆಲಸ ಎರಡು ವರ್ಷವೂ ಸರಿಯಾಗಿ ನಡೆಯಲಿಲ್ಲ. ಆರೋಗ್ಯ ಕೆಟ್ಟು 1859ರಲ್ಲಿ ಅವರು ಜರ್ಮನಿಗೆ ಹೊರಟರು. ಮತ್ತೆ ಮಲಬಾರನ್ನು ನೋಡಲಿಲ್ಲ.

ಕಾಲ್ವ್ ಎಂಬ ಸಣ್ಣ ಊರಿನಲ್ಲಿ, ಮಿಶನ್ನಿನ ಪುಸ್ತಕಗಳನ್ನು ಪ್ರಕಟಿಸುವ ಸಂಸ್ಥೆಯ ಕೆಲಸ ನೋಡಿಕೊಳ್ಳುತ್ತ, ನಿಘಂಟನ್ನು ಮುಗಿಸುವುದಕ್ಕೆ ಕುಳಿತರು. ಇಪ್ಪತ್ತು ವರ್ಷ ಸುತ್ತಲೂ ಇದ್ದ ಮಾತು ಈಗ ಕಿವಿಗೆ ಬೀಳುತ್ತಿರಲಿಲ್ಲ. ಕಿಟಕಿಯ ಹೊರಗೆ ಚಳಿ, ಜರ್ಮನ್ ಮಾತು. ಎದುರಿಗೆ ತಾನು ಬರೆದಿಟ್ಟ ಟಿಪ್ಪಣಿಗಳು, ಓಲೆಗರಿಗಳು, ತಲಶ್ಶೇರಿಯ ಕಂಪನಿ ಕಚೇರಿಯ ಹಳೆಯ ಕಾಗದಗಳ ಪ್ರತಿಗಳು. ಹದಿಮೂರು ವರ್ಷಗಳು ಹೀಗೆ ಕಳೆದು, 1872ರಲ್ಲಿ ಮಲಯಾಳ-ಇಂಗ್ಲಿಷ್ ನಿಘಂಟು ಪ್ರಕಟವಾಯಿತು. ಪ್ರಕಟವಾದದ್ದು ನಮ್ಮ ಮಂಗಳೂರಿನಲ್ಲಿ. ಸಾವಿರಕ್ಕೂ ಮಿಕ್ಕಿದ ಪುಟಗಳು.

ಆ ಪುಸ್ತಕವನ್ನು ತೆರೆದವರಿಗೆ ಇನ್ನೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಶಬ್ದವನ್ನು ಬಡಗು ಮಲಬಾರಿನವರು ಹೇಳುತ್ತಾರೋ ತೆಂಕಿನವರೋ, ಮಾಪಿಳ್ಳೆಯರ ಮಾತೋ, ಹಾಡಿನಲ್ಲಿ ಬಂದದ್ದೋ, ಕಚೇರಿಯ ಕಾಗದದ್ದೋ ಎಂದು ಗುರುತು ಹಾಕಿದ್ದಾರೆ. ಅದರೊಡನೆ ತಮಿಳು, ಕನ್ನಡ, ತೆಲುಗು, ತುಳುವಿನ ದಾಯಾದಿ ಶಬ್ದಗಳಿಗೂ ಸಂಕೇತಾಕ್ಷರ ಕೊಟ್ಟಿದ್ದಾರೆ. ಮಲಯಾಳದ ಚೆವಿ, ಕನ್ನಡದ ಕಿವಿ, ತುಳುವಿನ ಕೆಬಿ. ಮಲಯಾಳದ ಚಿರ, ನಮ್ಮ ಕೆರೆ. ಇಂತಹ ನಂಟುಗಳನ್ನು ನಾವು ದಿನವೂ ಆಡುತ್ತೇವೆ, ಗಮನಿಸುವುದಿಲ್ಲ. ಅವರು ಗಮನಿಸಿದರು. ಕಿಟ್ಟೆಲರ ಕನ್ನಡ ನಿಘಂಟು ಮಂಗಳೂರಿನಲ್ಲಿ ಬೆಳಕು ಕಂಡದ್ದು 1894ರಲ್ಲಿ, ಅಂದರೆ ಇದಾಗಿ ಇಪ್ಪತ್ತೆರಡು ವರ್ಷಗಳ ಮೇಲೆ.

ಜೂಲಿ 1885ರಲ್ಲಿ ತೀರಿಕೊಂಡರು. ಗುಂಡರ್ಟರು 1893ರ ಏಪ್ರಿಲ್ 25ರಂದು ಕಾಲ್ವ್‌ನಲ್ಲಿ ಕಣ್ಣು ಮುಚ್ಚಿದರು. ಆಗ ಮರೀಯಾಳ ಮಗ ಹೆರ್ಮನ್ ಹೆಸ್ಸೆಗೆ ಹದಿನೈದು ವರ್ಷ. ಅಜ್ಜನ ಪುಸ್ತಕದ ಕೋಣೆ, ಅಲ್ಲಿದ್ದ ಪೂರ್ವದೇಶದ ವಸ್ತುಗಳು, ಅಜ್ಜನಿಗೆ ಬರುತ್ತಿದ್ದ ಭಾಷೆಗಳು ಆ ಹುಡುಗನ ಮನಸ್ಸಿನಲ್ಲಿ ಎಷ್ಟು ಊರಿದ್ದವು ಎಂಬುದನ್ನು ಅವನೇ ದೊಡ್ಡವನಾದ ಮೇಲೆ ಬರೆದಿದ್ದಾನೆ. 'ಸಿದ್ಧಾರ್ಥ' ಬಂದದ್ದು 1922ರಲ್ಲಿ, ನೊಬೆಲ್ ಬಹುಮಾನ 1946ರಲ್ಲಿ. 1911ರಲ್ಲಿ ಸಿಂಹಳದವರೆಗೆ ಬಂದಿದ್ದರೂ ತಾಯಿ ಹುಟ್ಟಿದ ತಲಶ್ಶೇರಿಯನ್ನು ಹೆಸ್ಸೆ ನೋಡದೆ ಹಿಂತಿರುಗಿದರು.

ಗುಂಡರ್ಟರು ಒಯ್ದಿದ್ದ ಓಲೆಗರಿಗಳೂ ಕೈಬರಹಗಳೂ ಟ್ಯೂಬಿಂಗನ್ ವಿಶ್ವವಿದ್ಯಾನಿಲಯದ ಗ್ರಂಥಾಲಯದಲ್ಲಿ ಬಹುಕಾಲ ಯಾರ ಕಣ್ಣಿಗೂ ಬೀಳದೆ ಇದ್ದವು. 1980ರ ದಶಕದಲ್ಲಿ ಅವು ಅಲ್ಲಿ ಇವೆಯೆಂಬುದು ವಿದ್ವಾಂಸರಿಗೆ ತಿಳಿಯಿತು. ಮುಂದಿನ ದಶಕದಲ್ಲಿ ಪಯ್ಯನ್ನೂರ್ ಪಾಟ್ಟು ಕೇರಳದಲ್ಲಿ ಪುಸ್ತಕವಾಗಿ ಅಚ್ಚಾಯಿತು. 2018ರಿಂದ ಆ ಸಂಗ್ರಹವನ್ನು ಕಂಪ್ಯೂಟರಿನಲ್ಲಿ ಯಾರು ಬೇಕಾದರೂ ತೆರೆದು ಓದಬಹುದು. ಆ ಹಾಡು ಹುಟ್ಟಿದ ಪಯ್ಯನ್ನೂರಿಗೆ ಕಾಸರಗೋಡಿನಿಂದ ರೈಲಿನಲ್ಲಿ ಹೆಚ್ಚೆಂದರೆ ಒಂದು ಗಂಟೆಯ ದಾರಿ.