ರಕ್ತದ ಗುಟ್ಟು ಬಿಡಿಸಿದ ಕಾರ್ಲ್ ಲ್ಯಾಂಡ್‌ಸ್ಟೈನರ್

ಎ, ಬಿ, ಎಬಿ, ಒ ಎಂಬ ರಕ್ತದ ಗುಂಪುಗಳನ್ನು ಪ್ರಥಮ ಪಿಯುಸಿ ಜೀವಶಾಸ್ತ್ರದಲ್ಲಿ ನಾವೆಲ್ಲರೂ ಬಾಯಿಪಾಠ ಮಾಡಿದ್ದೇವೆ. ಅವುಗಳನ್ನು ಕಂಡುಹಿಡಿದ ಕಾರ್ಲ್ ಲ್ಯಾಂಡ್‌ಸ್ಟೈನರ್ ಅವರ ಹೆಸರು ಒಂದು ಅಂಕದ ಪ್ರಶ್ನೆಗೆ ಉತ್ತರವಾಗಿ ಮಾತ್ರ ನೆನಪಿರುತ್ತದೆ. ದೇಹವು ತನ್ನ ರಕ್ತಕಣಗಳನ್ನು ತಾನೇ ಒಡೆದುಹಾಕಬಲ್ಲದು ಎಂಬುದನ್ನು ಪರೀಕ್ಷೆಯಿಂದ ತೋರಿಸಿಕೊಟ್ಟವರಲ್ಲಿಯೂ ಅವರು ಮೊದಲಿಗರು. ಆ ಕಥೆ ಪಾಠದಲ್ಲಿ ಬರುವುದಿಲ್ಲ.

ಲ್ಯಾಂಡ್‌ಸ್ಟೈನರ್ 1868ರ ಜೂನ್ 14ರಂದು ಆಸ್ಟ್ರಿಯಾದಲ್ಲಿ ಹುಟ್ಟಿದರು. ತಂದೆ ಲಿಯೋಪೋಲ್ಡ್ ಪತ್ರಕರ್ತರು. ಮಗನಿಗೆ ಆರು ವರ್ಷವಾಗಿದ್ದಾಗ ಅವರು ತೀರಿಕೊಂಡರು. ತಾಯಿ ಫ್ಯಾನಿ ಒಬ್ಬರೇ ಮಗನನ್ನು ಸಾಕಿ ಓದಿಸಿದರು. 1891ರಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದ ಮೇಲೂ ಲ್ಯಾಂಡ್‌ಸ್ಟೈನರ್ ದವಾಖಾನೆ ತೆರೆಯಲಿಲ್ಲ. ರಸಾಯನಶಾಸ್ತ್ರ ಕಲಿಯಲು ಜರ್ಮನಿ ಮತ್ತು ಸ್ವಿಟ್ಜರ್ಲೆಂಡಿಗೆ ಹೋದರು. ಮರಳಿ ಬಂದು ಹತ್ತು ವರ್ಷ ಶವಪರೀಕ್ಷೆಯ ವಿಭಾಗದಲ್ಲಿ ದುಡಿದರು. ಅಲ್ಲಿ ಅವರು ಮಾಡಿದ ಶವಪರೀಕ್ಷೆಗಳ ಸಂಖ್ಯೆ 3,600ಕ್ಕೂ ಹೆಚ್ಚು.

ಆ ಕಾಲದಲ್ಲಿ ಒಬ್ಬರ ರಕ್ತವನ್ನು ಇನ್ನೊಬ್ಬರಿಗೆ ಕೊಟ್ಟರೆ ರೋಗಿ ಬದುಕಬಹುದಿತ್ತು, ಸಾಯಲೂಬಹುದಿತ್ತು. ಕಾರಣ ಯಾರಿಗೂ ತಿಳಿದಿರಲಿಲ್ಲ. ಲ್ಯಾಂಡ್‌ಸ್ಟೈನರ್ ತಮ್ಮದೂ ಸಹೋದ್ಯೋಗಿಗಳದೂ ಸೇರಿ 22 ಜನರ ರಕ್ತ ತೆಗೆದು, ಒಬ್ಬರ ಸೀರಮ್ಮಿಗೆ ಇನ್ನೊಬ್ಬರ ಕಣಗಳನ್ನು ಬೆರೆಸಿ ನೋಡಿದರು. ಕೆಲವು ಗಂಟುಕಟ್ಟಿದವು, ಕೆಲವು ಕಟ್ಟಲಿಲ್ಲ. 1901ರಲ್ಲಿ ಅವರು ಮೂರು ಗುಂಪುಗಳನ್ನು ವಿವರಿಸಿದರು. ಮರುವರ್ಷ ಅವರ ಸಹೋದ್ಯೋಗಿಗಳು ನಾಲ್ಕನೆಯದಾದ ಎಬಿಯನ್ನು ಕಂಡರು.

ಬೇರೆಯವರ ರಕ್ತದ ಮೇಲೆ ದೇಹ ಬೀಳುವುದು ಸರಿ, ತನ್ನದರ ಮೇಲೆಯೇ ಬೀಳಬಹುದೇ? ಹಾಗಾಗದಂತೆ ದೇಹ ತನ್ನನ್ನು ಕಾಪಾಡಿಕೊಳ್ಳುತ್ತದೆ ಎಂಬುದು ಪಾಲ್ ಎರ್ಲಿಕ್ ಅವರಂಥ ದೊಡ್ಡ ವಿಜ್ಞಾನಿಯ ಅಭಿಪ್ರಾಯವಾಗಿತ್ತು. ಆದರೆ ಚಳಿಗೆ ಮೈಯೊಡ್ಡಿದ ಕೂಡಲೇ ಕಪ್ಪುಗೆಂಪು ಮೂತ್ರ ಹೋಗುವ ಕೆಲವು ರೋಗಿಗಳಿದ್ದರು. 1904ರಲ್ಲಿ ಲ್ಯಾಂಡ್‌ಸ್ಟೈನರ್ ಮತ್ತು ಜೂಲಿಯಸ್ ಡೊನಾಥ್ ಅಂಥವರ ಸೀರಮ್ ಮತ್ತು ಕೆಂಪು ರಕ್ತಕಣಗಳನ್ನು ಕೊಳವೆಯಲ್ಲಿ ಬೆರೆಸಿ ಮೊದಲು ಮಂಜುಗಡ್ಡೆಯಲ್ಲಿ ತಣಿಸಿದರು, ಆಮೇಲೆ ಮೈಶಾಖಕ್ಕೆ ತಂದರು. ಕಣಗಳು ಒಡೆದು ದ್ರವ ಕೆಂಪಾಯಿತು. ತಂಪಿನಲ್ಲಿ ಪ್ರತಿಕಾಯ ಕಣಕ್ಕೆ ಅಂಟಿಕೊಳ್ಳುತ್ತದೆ, ಬೆಚ್ಚಗಾದಾಗ ಸೀರಮ್ಮಿನ ಕಾಂಪ್ಲಿಮೆಂಟ್ ಪ್ರೋಟೀನುಗಳು ಕಣವನ್ನು ಒಡೆಯುತ್ತವೆ. ಡೊನಾಥ್-ಲ್ಯಾಂಡ್‌ಸ್ಟೈನರ್ ಪರೀಕ್ಷೆ ಎಂಬ ಹೆಸರಿನಲ್ಲಿ ಇದು ಇಂದಿಗೂ ಬಳಕೆಯಲ್ಲಿದೆ.

ಮೊದಲ ಮಹಾಯುದ್ಧದ ನಂತರ ವಿಯೆನ್ನಾದಲ್ಲಿ ಅನ್ನಕ್ಕೂ ಉರುವಲಿಗೂ ಬರ ಬಂತು. 1919ರಲ್ಲಿ ಅವರು ಹೆಂಡತಿ, ಪುಟ್ಟ ಮಗನೊಂದಿಗೆ ನೆದರ್‌ಲೆಂಡ್ಸಿನ ಹೇಗ್ ನಗರಕ್ಕೆ ಹೋಗಿ ಒಂದು ಸಣ್ಣ ಆಸ್ಪತ್ರೆಯಲ್ಲಿ ರಕ್ತ, ಮೂತ್ರ ಪರೀಕ್ಷೆಯ ಕೆಲಸಕ್ಕೆ ಸೇರಿದರು. ನಂತರ ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆ ಅವರನ್ನು ಕರೆಸಿಕೊಂಡಿತು. 1930ರಲ್ಲಿ ನೊಬೆಲ್ ಬಂತು. 1940ರಲ್ಲಿ ಅಲೆಕ್ಸಾಂಡರ್ ವೀನರ್ ಜೊತೆ ಆರ್‌ಎಚ್ ಅಂಶವನ್ನು ಪ್ರಕಟಿಸಿದರು. 1943ರ ಜೂನ್‌ನಲ್ಲಿ ಪ್ರಯೋಗಾಲಯದಲ್ಲಿ ಕೆಲಸದಲ್ಲಿದ್ದಾಗಲೇ ಹೃದಯಾಘಾತವಾಗಿ, ಎರಡು ದಿನಗಳ ನಂತರ, 26ರಂದು, ಕಣ್ಣುಮುಚ್ಚಿದರು.

ಅವರು ಹೋದ ಎರಡು ವರ್ಷಕ್ಕೆ, 1945ರಲ್ಲಿ, ಕೇಂಬ್ರಿಜ್‌ನ ರಾಬಿನ್ ಕೂಂಬ್ಸ್ ಮತ್ತು ಸಂಗಡಿಗರು ಮುಂದಿನ ಹೆಜ್ಜೆ ಇಟ್ಟರು. ರೋಗಿಯ ಕೆಂಪು ಕಣಗಳನ್ನು ಚೆನ್ನಾಗಿ ತೊಳೆದು, ಮನುಷ್ಯರ ಪ್ರತಿಕಾಯವನ್ನು ಹಿಡಿಯುವ ಇನ್ನೊಂದು ಸೀರಮ್ಮನ್ನು ಹಾಕುತ್ತಾರೆ. ಕಣಗಳ ಮೇಲೆ ಪ್ರತಿಕಾಯ ಅಂಟಿಕೊಂಡಿದ್ದರೆ ಅವು ಗಂಟುಕಟ್ಟುತ್ತವೆ. ಇದೇ ನೇರ ಕೂಂಬ್ಸ್ ಪರೀಕ್ಷೆ.

ನಮ್ಮಲ್ಲಿ ರಕ್ತ ಕಡಿಮೆ ಎಂದ ಕೂಡಲೇ ಕಬ್ಬಿಣದ ಮಾತ್ರೆ ನುಂಗುವುದು ರೂಢಿ. ಕಬ್ಬಿಣದ ಕೊರತೆಯೇ ಹೆಚ್ಚಾಗಿರುವುದು ನಿಜ. ಆದರೆ 120 ದಿನ ಬದುಕಬೇಕಾದ ಕಣಗಳು ಬೇಗ ಒಡೆಯುತ್ತಿದ್ದರೆ ಆ ಮಾತ್ರೆ ಅದನ್ನು ತಡೆಯದು. ಸುಸ್ತಿನ ಜೊತೆಗೆ ಕಣ್ಣು ಹಳದಿಯಾದರೆ, ಮೂತ್ರದ ಬಣ್ಣ ಗಾಢವಾದರೆ ವೈದ್ಯರು ಹೀಮೊಗ್ಲೋಬಿನ್ ಜೊತೆಗೆ ಎಳೆಯ ಕಣಗಳಾದ ರೆಟಿಕ್ಯುಲೊಸೈಟ್‌ಗಳ ಸಂಖ್ಯೆ, ಬಿಲಿರುಬಿನ್, ಎಲ್‌ಡಿಎಚ್ ನೋಡುತ್ತಾರೆ. ಗಾಜಿನ ಪಟ್ಟಿಯ ಮೇಲೆ ರಕ್ತ ಹರಡಿ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಾರೆ. ಕಣ ಒಡೆಯುತ್ತಿರುವುದು ಖಚಿತವಾದರೆ ಕೂಂಬ್ಸ್ ಪರೀಕ್ಷೆ. ಅದು ಪಾಸಿಟಿವ್ ಆಗಿ, ಉಳಿದ ಲಕ್ಷಣಗಳೂ ಹೊಂದಿದರೆ ಚಿಕಿತ್ಸೆಯ ದಾರಿಯೇ ಬೇರೆ.

ಚಾಮರಾಜಪೇಟೆಗೆ ಹತ್ತಿರದ ವಾಣಿ ವಿಲಾಸ ಆಸ್ಪತ್ರೆಯ ಮುಂದೆ ಸಿಟಿ ಬಸ್ಸಿನಲ್ಲಿ ಹಾದುಹೋಗುವವರು ನಮ್ಮಲ್ಲಿ ಅನೇಕರು. ಅಂಥ ಹೆರಿಗೆ ಆಸ್ಪತ್ರೆಗಳಲ್ಲಿ ಈ ಪರೀಕ್ಷೆಗೆ ಇನ್ನೊಂದು ಉಪಯೋಗವಿದೆ. ತಾಯಿ ಆರ್‌ಎಚ್ ನೆಗೆಟಿವ್, ಮಗು ಪಾಸಿಟಿವ್ ಆಗಿದ್ದರೆ ತಾಯಿಯ ಪ್ರತಿಕಾಯ ಮಗುವಿನ ರಕ್ತವನ್ನು ಒಡೆಯಬಹುದು. ತಾಯಿಯ ದೇಹದಲ್ಲಿ ಪ್ರತಿಕಾಯ ಹುಟ್ಟುವ ಮೊದಲೇ, ಹೆರಿಗೆಯಾದ 72 ಗಂಟೆಗಳೊಳಗೆ, ಆಂಟಿ-ಡಿ ಇಂಜೆಕ್ಷನ್ ಕೊಟ್ಟರೆ ಮುಂದಿನ ಮಗುವಿಗೆ ರಕ್ಷಣೆ ಸಿಗುತ್ತದೆ.

ಲ್ಯಾಂಡ್‌ಸ್ಟೈನರ್ ಹುಟ್ಟಿದ ಜೂನ್ 14 ಈಗ ವಿಶ್ವ ರಕ್ತದಾನಿಗಳ ದಿನ. 18 ತುಂಬಿದ ಆರೋಗ್ಯವಂತರು ರಕ್ತ ಕೊಡಬಹುದು. ಅಷ್ಟು ವಯಸ್ಸಾಗದವರು ಕನಿಷ್ಠ ತಮ್ಮ ರಕ್ತದ ಗುಂಪನ್ನು ತಿಳಿದು ಗುರುತಿನ ಚೀಟಿಯಲ್ಲಿ ಬರೆಸಿಕೊಳ್ಳೋಣ. ಮನೆಯಲ್ಲಿ ಅಮ್ಮ, ಅಕ್ಕ, ತಂಗಿಯರ ಗುಂಪನ್ನೂ ಕೇಳಿ ತಿಳಿದುಕೊಳ್ಳೋಣ.