ದತ್ತ ಮಂಡಲದ ಮನ್ರೋ

ವಿದ್ಯಾರ್ಥಿಗಳೇ, ನಿಮ್ಮ ಮನೆಯ ಹಿರಿಯರು ಜೋಪಾನವಾಗಿ ಇಟ್ಟುಕೊಂಡಿರುವ ಹೊಲದ ಪಟ್ಟಾವನ್ನು ನೀವು ನೋಡಿರಬಹುದು. ರೈತನ ಹೆಸರು, ಹೊಲದ ಅಳತೆ, ಕೊಡಬೇಕಾದ ಕಂದಾಯ ಇವನ್ನು ಬರೆದು ಅವನ ಕೈಗೇ ಕೊಡುವ ಪದ್ಧತಿಯನ್ನು ನಮ್ಮ ಸೀಮೆಯಲ್ಲಿ ನೆಲೆಗೊಳಿಸಿದವರು ಸರ್ ಥಾಮಸ್ ಮನ್ರೋ. ಅವರು ಪರದೇಶದವರು. ಅವರ ಮಾತನ್ನು ಇಲ್ಲಿಯ ಜನರು ನಂಬಿದ್ದು ಹೇಗೆ?

ಮನ್ರೋ 1761ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಒಬ್ಬ ವ್ಯಾಪಾರಿಯ ಮಗನಾಗಿ ಜನಿಸಿದರು. 1780ರಲ್ಲಿ ಈಸ್ಟ್ ಇಂಡಿಯಾ ಕಂಪೆನಿಯ ಸೈನ್ಯಕ್ಕೆ ಸೇರಿ ಮದರಾಸಿಗೆ ಬಂದರು. ಪರ್ಷಿಯನ್, ಹಿಂದೂಸ್ಥಾನಿ ಭಾಷೆಗಳನ್ನು ಕಲಿತರು. ಬಾರಾಮಹಲ್ ಮತ್ತು ಕೆನರಾ ಸೀಮೆಗಳಲ್ಲಿ ಕಂದಾಯದ ಕೆಲಸ ಮಾಡಿದರು. 1800ರಲ್ಲಿ ಹೈದರಾಬಾದಿನ ನಿಜಾಮರು ಸೈನ್ಯದ ವೆಚ್ಚಕ್ಕಾಗಿ ಬಳ್ಳಾರಿ, ಆದವಾನಿ, ಅನಂತಪುರ, ಕಡಪ ಮೊದಲಾದ ಪ್ರದೇಶಗಳನ್ನು ಕಂಪೆನಿಗೆ ಬಿಟ್ಟುಕೊಟ್ಟರು. ಇದೇ ದತ್ತ ಮಂಡಲ. ಮನ್ರೋ ಇಲ್ಲಿಯ ಪ್ರಧಾನ ಕಲೆಕ್ಟರಾಗಿ ಏಳು ವರ್ಷ ಕೆಲಸ ಮಾಡಿದರು.

ಆಗ ಈ ಸೀಮೆಯಲ್ಲಿ ಸುಮಾರು 80 ಮಂದಿ ಪಾಳೆಯಗಾರರಿದ್ದರು. ಯಾರು ಬಂದರೂ ರೈತನ ಕಣದ ಮೇಲೆಯೇ ಕಣ್ಣು. ಆದ್ದರಿಂದ ಹೊಸ ಸರಕಾರವನ್ನೂ ಜನರು ಸಂಶಯದಿಂದಲೇ ನೋಡಿದರು. 1801ರಲ್ಲಿ ತೆರ್ನೇಕಲ್ಲಿನಲ್ಲಿ ಸರಕಾರದ ಕಂದಾಯಾಧಿಕಾರಿಯ ಕೊಲೆಯಾಯಿತು. ಕಂಪೆನಿಯ ಸೈನ್ಯವು ಅಲ್ಲಿಯ ಕೋಟೆಯನ್ನು ಬಲದಿಂದ ಹಿಡಿಯಿತು. ಕಂಪೆನಿಯ ಆಳ್ವಿಕೆಗೆ ಈ ಮುಖವೂ ಇತ್ತು, ಅದನ್ನು ಮರೆಮಾಚಬೇಕಾಗಿಲ್ಲ. ಫಿರಂಗಿಯಿಂದ ಊರು ಸುಮ್ಮನಾಗಬಹುದು. ಆದರೆ ರೈತನು ಧೈರ್ಯದಿಂದ ಬಿತ್ತಬೇಕಾದರೆ ನಾಳೆಯ ಕಂದಾಯ ಎಷ್ಟೆಂಬುದು ಇಂದೇ ಗೊತ್ತಿರಬೇಕು.

ಮನ್ರೋ ಡೇರೆ ಹೊತ್ತು ಊರೂರು ತಿರುಗಿದರು. ಬೆಳಗಾದರೆ ಡೇರೆಯ ಮುಂದೆ ರೈತರು ಗುಂಪುಗೂಡುತ್ತಿದ್ದರು. ಒಬ್ಬನಿಗೆ ಗಡಿಯ ತಕರಾರು, ಇನ್ನೊಬ್ಬನಿಗೆ ಎತ್ತು ಸತ್ತ ದುಃಖ. ಎಲ್ಲರ ಮಾತನ್ನೂ ಅವರು ಕೇಳಿಸಿಕೊಳ್ಳುತ್ತಿದ್ದರು. ಹೊಲಗಳನ್ನು 33 ಅಡಿಯ ಸರಪಳಿಯಿಂದ ಅಳೆಸಿದರು. 33 ಅಡಿ ಉದ್ದ, 33 ಅಡಿ ಅಗಲದ ನೆಲವೇ ಒಂದು ಗುಂಟೆ, 40 ಗುಂಟೆ ಒಂದು ಎಕರೆ. ನೀವೇ ಗುಣಿಸಿ ನೋಡಿರಿ! ಅಳತೆ ರೈತನ ಕಣ್ಣೆದುರೇ ನಡೆದುದರಿಂದ ಲೆಕ್ಕದ ಮೇಲೆ ಅವನಿಗೆ ನಂಬಿಕೆ ಹುಟ್ಟಿತು.

ಹಾಗೆಂದು ಕಂದಾಯವೇನೂ ಹಗುರವಾಗಿರಲಿಲ್ಲ. ಏಳು ವರ್ಷಗಳಲ್ಲಿ ಕಂಪೆನಿಯ ಆದಾಯ ಸುಮಾರು ಒಂದೂವರೆ ಪಟ್ಟಾಯಿತು. ಈ ಭಾರವನ್ನು ಅರಿತ ಮನ್ರೋ 1807ರಲ್ಲಿ ಕಂದಾಯದಲ್ಲಿ ಕಾಲು ಭಾಗ ಇಳಿಸಬೇಕೆಂದು ಮೇಲಿನವರಿಗೆ ಬರೆದರು. ಸರಕಾರ ಒಪ್ಪಲಿಲ್ಲ. ಅವರು ಸ್ವದೇಶಕ್ಕೆ ತೆರಳಿದ ಮೇಲೆ ಹಳ್ಳಿಗಳನ್ನೇ ಗುತ್ತಿಗೆಗೆ ಕೊಟ್ಟಿತು. ಅನೇಕ ಗುತ್ತಿಗೆದಾರರು ಹಾಳಾದರು, ರೈತರೂ ಬಳಲಿದರು. 1820ರಲ್ಲಿ ಮನ್ರೋ ಮದರಾಸಿನ ಗವರ್ನರಾದರು. ಆಗ ಆ ಇಳಿತ ಜಾರಿಗೆ ಬಂದಿತು. ಜನರು ನಂಬಿದ್ದು ಕಂಪೆನಿಯನ್ನೋ ಮನ್ರೋ ಅವರನ್ನೋ, ನೀವು ಯೋಚಿಸಿರಿ.

ಮಂತ್ರಾಲಯದ ಕಥೆಯನ್ನು ನೀವು ಕೇಳಿಯೇ ಇರುತ್ತೀರಿ. ಮಠದ ಇನಾಮು ಭೂಮಿಯ ವಿಚಾರಣೆಗೆ ಬಂದ ಮನ್ರೋ ಪಾದರಕ್ಷೆ ಕಳಚಿ ಒಳಗೆ ಹೋದರೆಂದೂ, ರಾಘವೇಂದ್ರ ಸ್ವಾಮಿಗಳು ಅವರೊಬ್ಬರಿಗೇ ಕಾಣಿಸಿ ಮಾತನಾಡಿದರೆಂದೂ, ಭೂಮಿ ಮಠಕ್ಕೇ ಉಳಿಯಿತೆಂದೂ ಜನರು ಹೇಳುತ್ತಾರೆ. ಇದು ಭಕ್ತರ ನಂಬಿಕೆ. ಪರದೇಶದ ಅಧಿಕಾರಿಯೊಬ್ಬನನ್ನು ಜನರು ತಮ್ಮ ಗುರುಗಳ ಕಥೆಯೊಳಗೆ ಸೇರಿಸಿಕೊಂಡರಲ್ಲ, ಅದು ಸಾಮಾನ್ಯ ಸಂಗತಿಯಲ್ಲ.

ಗವರ್ನರಾಗಿ ಅವರು 1822ರಲ್ಲಿ ಪ್ರಾಂತದ ಶಾಲೆಗಳ ಲೆಕ್ಕ ಕೇಳಿದರು. ಆದವಾನಿಯೂ ಸೇರಿದ್ದ ಬಳ್ಳಾರಿ ಜಿಲ್ಲೆಯಿಂದ 1823ರಲ್ಲಿ ಬಂದ ವರದಿಯಂತೆ 533 ಶಾಲೆಗಳಿದ್ದವು. ಅವುಗಳಲ್ಲಿ 235 ಕನ್ನಡ ಶಾಲೆಗಳು, 226 ತೆಲುಗು ಶಾಲೆಗಳು. ದೇಶದ ಜನರನ್ನು ದೊಡ್ಡ ಹುದ್ದೆಗಳಿಂದ ದೂರವಿಟ್ಟರೆ ಅವರ ಸ್ವಾಭಿಮಾನ ಕುಂದುವುದೆಂದು ಮನ್ರೋ 1824ರಲ್ಲಿ ಸರಕಾರಕ್ಕೆ ಬರೆದರು. ಕಂಪೆನಿ ಈ ಮಾತಿಗೆ ಸಾಕಷ್ಟು ಕಿವಿಗೊಡಲಿಲ್ಲ.

1827ರಲ್ಲಿ ಸ್ವದೇಶಕ್ಕೆ ಹೊರಡುವ ಮುನ್ನ ಹಳೆಯ ಜನರನ್ನು ನೋಡಲು ಅವರು ಮತ್ತೆ ದತ್ತ ಮಂಡಲಕ್ಕೆ ಬಂದರು. ದಾರಿಯಲ್ಲಿ ಕಾಲರಾ ಹರಡಿತ್ತು. ಜುಲೈ 6ರಂದು ಪತ್ತಿಕೊಂಡದಲ್ಲಿ ಆ ರೋಗಕ್ಕೆ ತುತ್ತಾಗಿ, ಅಂದೇ ರಾತ್ರಿ ತೀರಿಕೊಂಡರು. ಗುತ್ತಿಯಲ್ಲಿ ಸಮಾಧಿಯಾಯಿತು. 1831ರಲ್ಲಿ ಅಸ್ಥಿಗಳನ್ನು ಮದರಾಸಿನ ಕೋಟೆಯ ಚರ್ಚಿಗೆ ಒಯ್ದರು. ಪತ್ತಿಕೊಂಡದಲ್ಲಿ ಅವರ ನೆನಪಿಗಾಗಿ ಸರಕಾರವು ಒಂದು ತೋಪು ಬೆಳೆಸಿ ಮೆಟ್ಟಿಲ ಬಾವಿ ಕಟ್ಟಿಸಿತು. ಹಳ್ಳಿಯವರಾದರೋ ತಮ್ಮ ಗಂಡುಮಕ್ಕಳಿಗೆ ಮನ್ರೋಲಪ್ಪ ಎಂದು ಹೆಸರಿಟ್ಟರು.